ಒಂದು ರಸ್ತೆಯ ಎತ್ತರ

ಬಾಗಲಗುಂಟೆಯ ಆ ಅಡ್ಡರಸ್ತೆಯಲ್ಲಿ ಎತ್ತರವನ್ನು ಅಳೆಯುವುದು ಅಡಿಯಲ್ಲಲ್ಲ, ರಸ್ತೆಯಲ್ಲಿ. ಮನೆಯ ಪಾಯ ಎಷ್ಟು ಎತ್ತರ ಎಂದು ಕೇಳಿದರೆ "ಎರಡು ರಸ್ತೆ" ಎನ್ನುತ್ತಾರೆ. ಇನ್ನೆರಡು ಸಲ ಡಾಂಬರು ಬಿದ್ದರೂ ಮನೆ ರಸ್ತೆಗಿಂತ ಕೆಳಗೆ ಹೋಗುವುದಿಲ್ಲ ಎಂದು ಅದರ ಅರ್ಥ. ಹಳೆಯ ರಸ್ತೆಯನ್ನು ಕಿತ್ತು ಹೊಸದು ಹಾಕಿದ್ದನ್ನು ಅಲ್ಲಿ ಯಾರೂ ಕಂಡಿರಲಿಲ್ಲ. ಹಳೆಯದರ ಮೇಲೆ ಹೊಸದು, ಅದರ ಮೇಲೆ ಇನ್ನೊಂದು, ಹೋಟೆಲಿನಲ್ಲಿ ದೋಸೆಯ ಮೇಲೆ ದೋಸೆ ಪೇರಿಸಿದ ಹಾಗೆ. ಆದ್ದರಿಂದ ರಸ್ತೆ ಬರುತ್ತದೆ ಎಂಬ ಸುದ್ದಿ ಬಂದರೆ ಸಾಕು, ಜಲ್ಲಿ ಲಾರಿಗಿಂತ ಮೊದಲು ಮನೆಮನೆಗೂ ಮೇಸ್ತ್ರಿ ಬರುತ್ತಾನೆ. ರಸ್ತೆ ಏರುವ ಮುಂಚೆಯೇ ಮೆಟ್ಟಿಲು ಏರಿಸಿಕೊಂಡುಬಿಡಬೇಕು. ತಡಮಾಡಿದವನ ಮನೆಗೆ ಮಳೆನೀರು.

ಈ ಸಲ ಸುದ್ದಿ ಬಂದದ್ದು ಬಜೆಟ್ಟಿನ ದಾರಿಯಲ್ಲಿ. ನಗರದ ಅಂಚಿನ ಬಡಾವಣೆಗಳ ಅಡ್ಡರಸ್ತೆಗಳಿಗೆಂದು ರಾಜ್ಯ ಸರ್ಕಾರ ಹಣ ಇಟ್ಟಿತ್ತು. ಅದು ಪಾಲಿಕೆಗೆ ಬಂದು, ಪಾಲಿಕೆಯಿಂದ ವಾರ್ಡಿಗೆ ಇಳಿದು, ಸಂಕ್ರಾಂತಿಯ ಹೊತ್ತಿಗೆ ಅವರ ಬೀದಿಯ ಹೆಸರೂ ಪಟ್ಟಿಯಲ್ಲಿ ಕಾಣಿಸಿಕೊಂಡಿತು. ಡಾಂಬರಲ್ಲ, ಕಾಂಕ್ರೀಟು. ಆದರೆ ಮಾರ್ಚ್ ಮುಗಿಯುವುದರೊಳಗೆ ಕೆಲಸ ಮುಗಿದು ಬಿಲ್ ಆಗಬೇಕು, ಇಲ್ಲದಿದ್ದರೆ ಹಣ ಬಂದ ದಾರಿಯಲ್ಲೇ ವಾಪಸ್.

ಕಾರ್ಪೊರೇಟರ್ ಎಂಬುವರೊಬ್ಬರು ಇಲ್ಲದೆ ವರ್ಷಗಳೇ ಕಳೆದಿದ್ದ ಆ ವಾರ್ಡಿನಲ್ಲಿ ರಸ್ತೆಗಾಗಿ ಕಚೇರಿಯಿಂದ ಕಚೇರಿಗೆ ಅಲೆದವಳು ಪ್ರತಿಭಾ. ಗದಗಿನ ಕಡೆಯವಳು, ಹೆಸರಘಟ್ಟ ರಸ್ತೆಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ. ಗಂಡ ವಿರೂಪಾಕ್ಷ ಪೀಣ್ಯದ ಕಾರ್ಖಾನೆಯೊಂದರಲ್ಲಿ ಲೇತ್ ಯಂತ್ರದ ಮುಂದೆ ನಿಲ್ಲುತ್ತಿದ್ದ. ಅರ್ಜಿ ಬರೆಯಲು ಬರುತ್ತದೆ ಎಂಬ ಒಂದೇ ಕಾರಣಕ್ಕೆ ಬೀದಿಯವರು ಅವಳನ್ನು ನಿವಾಸಿಗಳ ಸಂಘದ ಕಾರ್ಯದರ್ಶಿ ಮಾಡಿದ್ದರು. ಸಿಕ್ಕ ಅರ್ಧ ದಿನದ ರಜೆಗಳನ್ನು ಮಗಳು ಪದ್ಮಶ್ರೀಯ ಜ್ವರಕ್ಕೆ ಸ್ವಲ್ಪ, ರಸ್ತೆಗೆ ಸ್ವಲ್ಪ ಎಂದು ಹಂಚಿ, ವಾರ್ಡ್ ಕಚೇರಿಯ ಬೆಂಚನ್ನು ಅವಳು ಕೂತು ಕೂತೇ ಸವೆಸಿದ್ದಳು.

ಪಟ್ಟಿ ಬಂದ ದಿನ ಬೀದಿಯ ನಡುಮಧ್ಯದ ಮೂರಂತಸ್ತಿನ ಮನೆಯ ಕಾಡಪ್ಪ ಎಲ್ಲರಿಗೂ ಪೇಡೆ ಹಂಚಿದ. ಜಮಖಂಡಿ ಕಡೆಯ ದೊಡ್ಡ ಗಂಟಲಿನ ಮನುಷ್ಯ.

"ಮಂದಿ ತವರುಮನಿಯಿಂದ ಸೀರಿ ತರ್ತಾರ. ನಮ್ಮ ತಂಗಿ ವಿಧಾನಸೌಧದಿಂದ ರೋಡ್ ತಂದಾಳ್ರೀ, ರೋಡ್!"

ಅದೇ ವಾರ ಸಿಮೆಂಟು ಕಲಸುವ ಸದ್ದು ಶುರುವಾಯಿತು. ಕಾಡಪ್ಪ ಕಪ್ಪು ಗ್ರಾನೈಟ್ ಹಾಸಿ, ಕಲ್ಯಾಣಮಂಟಪದ ಬಾಗಿಲಿಗೆ ಒಪ್ಪುವಂಥ ರ‍್ಯಾಂಪ್ ಕಟ್ಟಿಸಿದ. ಬಾಡಿಗೆ ಮನೆಗಳ ಚನ್ನಪ್ಪ ಗೇಟನ್ನೇ ಕಿತ್ತು ಮೇಲೆ ಕೂರಿಸಿದ. ಬೀದಿಯ ಎತ್ತರದ ತುದಿಯಲ್ಲಿದ್ದ ಪ್ರತಿಭಾಳ ಮನೆಗೆ ವಿರೂಪಾಕ್ಷನೇ ಮೇಸ್ತ್ರಿ. ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದು, ಕಡಪಾ ಕಲ್ಲು ಕೂರಿಸಿ, ಸ್ಕೂಟರು ಜಾರದಿರಲೆಂದು ಉಳಿಯಿಂದ ಗೀರು ಹೊಡೆದು, ಬೆನ್ನು ಹಿಡಿದುಕೊಂಡು ನಿಂತು ತನ್ನ ಕೆಲಸವನ್ನು ತಾನೇ ನೋಡುತ್ತಿದ್ದ.

ತಗ್ಗಿನ ತುದಿಯ ಹಿಟ್ಟಿನ ಮಿಷನ್ ಮನೆಯೊಂದೇ ಏರಲಿಲ್ಲ. ಅದು ಮುನಿನಾರಾಯಣಮ್ಮನ ಮನೆ. ಸುತ್ತಲೂ ಹೊಲವಿದ್ದಾಗ ಕಟ್ಟಿದ್ದು, ಮೇಲೆ ಕಲ್ಲು ಚಪ್ಪಡಿಯ ಮಾಡು. ಮುಂದಿನ ಕೋಣೆಯಲ್ಲಿ ಮಗ ವಾಸು ಹಿಟ್ಟಿನ ಮಿಲ್ ನಡೆಸುತ್ತಿದ್ದ. ಜೋಳಕ್ಕೆಂದೇ ಬೇರೆ ಕಲ್ಲು ಇಟ್ಟಿದ್ದರಿಂದ ದಾಸರಹಳ್ಳಿಯಿಂದಲೂ ಉತ್ತರ ಕರ್ನಾಟಕದವರು ಡಬ್ಬಿ ಹೊತ್ತು ಅವನಲ್ಲಿಗೆ ಬರುತ್ತಿದ್ದರು.

ಮಾರ್ಚಿನಲ್ಲಿ ವಾರ್ಡ್ ಎಂಜಿನಿಯರ್ ಸಿದ್ದಲಿಂಗ ಬಂದ. ಇನ್ನೂ ಎಳೆಯ ವಯಸ್ಸು, ಆದರೆ ನಿದ್ದೆಗೆಟ್ಟ ಮುಖ. ಬೈಕು ನಿಲ್ಲಿಸಿ, ಹೆಲ್ಮೆಟ್ ತೆಗೆದು, ಬೀದಿಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿದ.

"ಏನ್ ಮೇಡಂ ಇದು? ಎಲ್ಲಾ ಮನೆಗಳೂ ಸ್ಟೂಲ್ ಹಾಕ್ಕೊಂಡು ನಿಂತಿದಾವಲ್ಲ?"

"ರಸ್ತೆ ಏರುತ್ತಲ್ಲ ಸರ್, ಅದಕ್ಕೆ," ಎಂದಳು ಪ್ರತಿಭಾ.

"ಏರುತ್ತೆ ಅಂತ ಯಾರ್ ಹೇಳಿದ್ರು? ಈ ಸಲ ಎಸ್ಟಿಮೇಟಲ್ಲಿ ಅಗೆಯೋದಿದೆ. ಹಳೇ ಡಾಂಬರೆಲ್ಲ ಕಿತ್ತು, ಹಳೇ ಮಟ್ಟಕ್ಕೇ ಕಾಂಕ್ರೀಟ್. ಬೇಕಿದ್ರೆ ಒಂದು ಇಟ್ಟಿಗೆಯಷ್ಟು ತಗ್ಗಿಸ್ತೀವೇ ಹೊರತು ಏರ್ಸಲ್ಲ."

ಹೇಳಿದವರು ಯಾರೂ ಇರಲಿಲ್ಲ, ಕೇಳಿದವರೂ ಇರಲಿಲ್ಲ. ಅಷ್ಟು ಸಲ ಆ ಕಚೇರಿಗೆ ಹೋದ ಪ್ರತಿಭಾಗೂ ಕೇಳಬೇಕೆಂದು ತೋಚಿರಲಿಲ್ಲ. ಮಳೆ ಎಂದರೆ ಸುರಿಯುತ್ತದೆ, ರಸ್ತೆ ಎಂದರೆ ಏರುತ್ತದೆ. ಅದನ್ನೇನು ಕೇಳುವುದು?

ಮೊದಲು ಸುಧಾರಿಸಿಕೊಂಡವನು ಕಾಡಪ್ಪ. "ಹಂಗಾದ್ರ ನಮ್ಮ ರ‍್ಯಾಂಪ್ ಏನ್ ಮಾಡೂಣ್ರೀ ಸಾಹೇಬ್ರ, ಉಪ್ಪಿನಕಾಯಿ ಹಾಕೂಣೇನು? ರೋಡ್ ಕೆಳಗ ಉಳೀತಂದ್ರ ಇದರ ಮ್ಯಾಲಿಂದ ಗಾಡಿ ಇಳೀತೈತೋ, ಹಾರ್ತೈತೋ? ಅಗೀಬ್ಯಾಡ್ರಿ. ಮ್ಯಾಲೇ ಹಾಕ್ರಿ. ನಿಮಗೂ ಕೆಲಸ ಕಡಿಮಿ."

ಸುತ್ತ ನಿಂತವರು ಹೌದು ಹೌದು ಎಂದರು. ಸಿದ್ದಲಿಂಗ ಬೇಡವೆನ್ನಲಿಲ್ಲ. ಅಗೆಯದಿದ್ದರೆ ಅವನಿಗೂ ದಿನಗಳು ಉಳಿಯುತ್ತಿದ್ದವು.

"ನೋಡಿ, ಅಗೆದ್ರೂ ಸರಿ, ಮೇಲೆ ಹಾಕಿದ್ರೂ ಸರಿ, ನಂಗೆ ತಕರಾರು ಬರಬಾರದು. ಅಗೀಬೇಕು ಅಂದ್ರೆ ಈ ರ‍್ಯಾಂಪುಗಳೆಲ್ಲ ಹೋಗ್ಬೇಕು, ಜೆಸಿಬಿ ತಿರುಗೋಕೇ ಜಾಗ ಇಲ್ಲ. ಒಬ್ರು ಒಡೆಯಲ್ಲ ಅಂದ್ರೂ ನಾನು ಅಗೆಯಲ್ಲ. ಮಷೀನ್ ನಿಲ್ಲಿಸ್ಕೊಂಡು ಜಗಳ ಆಡೋಕೆ ನನ್ನ ಹತ್ರ ದಿನ ಇಲ್ಲ. ಸೋಮವಾರ ಬೆಳಗ್ಗೆ ಬರ್ತೀನಿ. ಅಷ್ಟರಲ್ಲಿ ಮಾತಾಡ್ಕೊಳ್ಳಿ."

ಭಾನುವಾರ ಬೆಳಗ್ಗೆ ಪ್ರತಿಭಾ ಜೋಳದ ಡಬ್ಬಿ ಹಿಡಿದು ಮಿಲ್ಲಿಗೆ ಹೋದಳು. ವಾಸು ಮಿಷನ್ನಿನ ಹಿಂದಿನಿಂದ ಬೆನ್ನು ಬಗ್ಗಿಸಿಕೊಂಡೇ ಹೊರಬಂದ. ರೆಪ್ಪೆಯ ಮೇಲೆಲ್ಲ ಹಿಟ್ಟು.

"ಬನ್ನಿ ಅಕ್ಕ, ತಲೆ ಜೋಪಾನ. ನಿಮ್ಮ ರಸ್ತೆ ಬರ್ತಿದೆಯಲ್ಲ, ಇನ್ಮೇಲೆ ಏಣಿ ಹಾಕ್ಕೊಂಡು ಇಳೀಬೇಕು ನಮ್ಮನೆಗೆ."

"ನಮ್ಮ ರಸ್ತೆ ಅನ್ನೋ ವಾಸು."

"ನಮ್ದೂ ಅಂತಾನೇ ಅಂದ್ಕೊಂಡಿದ್ದೆ." ಅವನು ಕೈಯೆತ್ತಿ ತೋರಿಸಿದ. ಜೋಳ ಸುರಿಯುವ ತಗಡಿನ ಬುಟ್ಟಿಗೂ ಮೇಲಿನ ಚಪ್ಪಡಿಗೂ ನಡುವೆ ಒಂದು ಡಬ್ಬಿ ಓರೆಮಾಡಿ ಹಿಡಿಯುವಷ್ಟೇ ಜಾಗ. "ಹೋದ ಸಲ ಡಾಂಬರು ಹಾಕಿದಾಗ ನೆಲ ಎತ್ತಿಸ್ದೆ. ಆವತ್ತಿಂದ ಬಗ್ಗೇ ಕೆಲಸ. ಇನ್ನೊಂದ್ ರಸ್ತೆ ನೆಲ ಎತ್ತಿಸಿದ್ರೆ ಕಾಳು ಸುರಿಯೋಕೆ ಜಾಗ ಇಲ್ಲ. ಎತ್ತಿಸ್ದೇ ಇದ್ರೆ ಮೊದಲನೇ ಮಳೆಗೇ ಮೋಟರ್ ನೀರಲ್ಲಿ. ಈಗ್ಲೇ ಜೋರು ಮಳೆ ಬಂದ್ರೆ ಹೊಸಿಲಿಗೆ ಗೋಣಿಚೀಲ ಒಡ್ಡಿ ಕೂರ್ತೀವಿ. ಯಾವ್ದು ಮಾಡ್ಲಿ ಹೇಳಿ. ಸೆಕ್ರೆಟ್ರಿ ಅಲ್ವಾ ನೀವು?"

ಮೋಟರು ನೆಲದೊಳಗಿನ ಗುಂಡಿಯಲ್ಲಿ ಕೂತಿತ್ತು. ಪ್ರತಿಭಾ ಅದನ್ನು ನೋಡಿದಳು. ಇಷ್ಟು ವರ್ಷ ಬಂದರೂ ಆ ಗುಂಡಿಯನ್ನು ಗಮನಿಸಿರಲಿಲ್ಲ.

"ಸುಮ್ಕಿರ್ಲಾ," ಎಂದಳು ಮೂಲೆಯಲ್ಲಿ ರಾಗಿ ಕೇರುತ್ತಿದ್ದ ಮುನಿನಾರಾಯಣಮ್ಮ. "ಅವಳನ್ಯಾಕ್ ಅಂತೀಯ? ಅವಳೇನು ನಮ್ ಮನೇನ ಗುಂಡಿಗಾಕ್ತೀನಿ ಅಂತ ರಸ್ತೆ ತಂದ್ಲಾ? ನೋಡಮ್ಮಿ, ನಮ್ ಯಜಮಾನ್ರು ಒಲ ಸೈಟ್ ಮಾಡಿ ಮಾರ್ದಾಗ ಈ ರಸ್ತೆಗೆ ಅಂತ ಜಾಗ ಬಿಟ್ಟೋರೇ ಅವ್ರು. ಮಾರೋ ಸೈಟ್ನಲ್ಲಿ ರಸ್ತೆ ಇಲ್ದಿದ್ರೆ ಜನ ಎಂಗ್ ಓಡಾಡ್ತಾರೆ ಅಂತ. ನಾವೇನ್ ಕೆಳಿಕ್ಕೆ ಇಳೀಲಿಲ್ಲ. ಅದೇ ಏಳ್ತಾ ಏಳ್ತಾ ಓಯ್ತು. ಜೋಳ ಇಟ್ಟೋಗು, ಸಂಜೆಗೆ ಕೊಡ್ತಾನೆ."

ಪ್ರತಿಭಾ ಮಿಲ್ಲಿನ ಎದುರಿನ ಕಂಬದ ಬಳಿ ನಿಂತೇ ಸಿದ್ದಲಿಂಗನಿಗೆ ಫೋನು ಮಾಡಿದಳು. ಎಲ್ಲರನ್ನೂ ಒಪ್ಪಿಸಿದರೆ ಅಗೆಯುತ್ತೀರಲ್ಲ ಎಂದು ಕೇಳಿದಳು.

"ಅಗೀತೀನಿ ಮೇಡಂ. ಆದ್ರೆ ಒಂದು ಮಾತು. ಕಾಂಕ್ರೀಟ್ ತಗ್ಗಿಂದ ಮೇಲಕ್ಕೆ ಹಾಕ್ಕೊಂಡು ಬರ್ತೀವಿ. ಅಗೆಯೋದ್ರಲ್ಲಿ ದಿನ ಹೋಗುತ್ತೆ. ಎತ್ತರದ ತುದಿ ಮುಟ್ಟೋ ಹೊತ್ತಿಗೆ ಮಾರ್ಚ್ ಮುಗಿದಿರುತ್ತೆ. ಉಳಿದಿದ್ದು ಮುಂದಿನ ಬಜೆಟ್ಟಿಗೆ, ಅದೂ ಬಂದ್ರೆ."

"ಎತ್ತರದ ತುದಿ ಅಂದ್ರೆ ನಮ್ಮ ಮನೆ, ಸರ್."

"ಗೊತ್ತು. ಅದಕ್ಕೇ ಈಗ್ಲೇ ಹೇಳ್ತಿದೀನಿ. ಆಮೇಲೆ ನನ್ನನ್ನ ಬೈಬಾರದು."

ಅವಳು ಫೋನು ಕೆಳಗಿಳಿಸಿದಳು. ಹಿಂದೆ ಮಿಲ್ ಶುರುವಾಗಿ, ಕಾಲ ಕೆಳಗಿನ ಡಾಂಬರು ಸಣ್ಣಗೆ ನಡುಗಿತು.

ಸಂಜೆ ಕಾಡಪ್ಪನ ಪೋರ್ಟಿಕೋದಲ್ಲಿ ಬೀದಿಯವರು ಸೇರಿದರು. ಕಾಡಪ್ಪನ ಹೆಂಡತಿ ಚಂದ್ರವ್ವ ಚುರಮರಿ ತಂದಿಟ್ಟು ಬಾಗಿಲ ಬಳಿ ನಿಂತಳು. ವಾಸು ಒಳಗೆ ಬರದೆ ಗೇಟಿಗೆ ಒರಗಿಕೊಂಡ. ಮಿಲ್ಲಿಗೆ ನೀರು ನುಗ್ಗುತ್ತದೆ, ಅಗೆಯಲು ಒಪ್ಪೋಣ ಎಂದು ಪ್ರತಿಭಾ ಹೇಳಿದ್ದೇ ತಡ, ಎಲ್ಲರಿಗೂ ಒಟ್ಟಿಗೆ ಬಾಯಿ ಬಂತು.

"ರಸ್ತೆ ಬೇಕು ಅಂತ ಅರ್ಜಿ ಬರೆದೋರೂ ನೀವೇ, ಈಗ ಅಡ್ಡಗಾಲು ಹಾಕೋರೂ ನೀವೇನಾ ಮೇಡಂ?" ಎಂದ ಚನ್ನಪ್ಪ. "ವಾಸು ಒಂದು ಪಂಪ್ ಇಟ್ಕೊಳ್ಲಿ. ನೀರು ಬಂದ್ರೆ ಎತ್ತಿ ಹಾಕ್ಲಿ."

"ಇಟ್ಕೋತೀನಿ ಚನ್ನಪ್ಪಣ್ಣ," ಎಂದ ವಾಸು ಗೇಟಿನಿಂದಲೇ. "ಎತ್ತಿದ ನೀರು ಎಲ್ಲಿಗ್ ಬಿಡ್ಲಿ? ನಿಮ್ಮನೆಗಾ?"

ಇಬ್ಬರು ನಕ್ಕರು. ಚನ್ನಪ್ಪ ನಗಲಿಲ್ಲ.

"ಒಂದ್ ಮನಿ ಸಲುವಾಗಿ ಇಡೀ ಓಣಿ ಒಡಕೋಬೇಕೇನು?" ಎಂದು ಕಾಡಪ್ಪ ಸುತ್ತ ನೋಡಿದ. "ನಾಳೆ ಬೆಳಿಗ್ಗೆ ಇವ್ರು ಒಡೀತಾರ, ಅವ್ರು ಒಡ್ಯೂದಿಲ್ಲ, ಜಗಳ ಹತ್ತತೈತಿ, ಎಂಜಿನಿಯರ್ ಬ್ಯಾಗ್ ಎತ್ತಿಕೊಂಡು ಹೋಕ್ಕಾನ. ರೊಕ್ಕ ವಾಪಸ್. ಮತ್ತ ಹತ್ತು ವರ್ಷ ಕಾಯೂದು. ಮೊದಲು ಯಾರು ಒಡ್ಯಾವ್ರು, ಅದನ್ನ ಹೇಳ್ರಿ."

"ನಾವು ಒಡೀತೀವಿ," ಎಂದಳು ಪ್ರತಿಭಾ. "ನಾಳೆ ಬೆಳಗ್ಗೆ."

ಚುರಮರಿ ಬಾಯಿಗೆ ಹಾಕಿಕೊಳ್ಳುತ್ತಿದ್ದ ವಿರೂಪಾಕ್ಷನ ಕೈ ಅಲ್ಲೇ ನಿಂತಿತು.

"ನೀವು ಒಡೀರಿ ತಂಗಿ. ನಾ ಒಡ್ಯಂಗಿಲ್ಲ," ಎಂದು ಕಾಡಪ್ಪ ಎದ್ದುಬಿಟ್ಟ. ಸಭೆ ಮುಗಿಯಿತು.

ಮನೆಗೆ ಬಂದ ಮೇಲೆ ವಿರೂಪಾಕ್ಷ ಊಟ ಮಾಡಿದ, ತಟ್ಟೆ ತೊಳೆದಿಟ್ಟ. ಬೆಳಕು ಹರಿಯುವ ಹೊತ್ತಿಗೆ ಪ್ರತಿಭಾ ಬಾಗಿಲು ತೆಗೆದರೆ ಅವನು ಸುತ್ತಿಗೆ, ಉಳಿ ಹಿಡಿದು ರ‍್ಯಾಂಪಿನ ಮೇಲೆ ಕುಕ್ಕುರುಗಾಲಲ್ಲಿ ಕೂತಿದ್ದ.

"ಒಂದ್ ಮಾತ್ ಕೇಳ್ಬೇಕಿತ್ತಿಲ್ಲೋ ನನ್ನ?"

"ಕೇಳಿದ್ರ ಬ್ಯಾಡ ಅಂತಿದ್ರಿ."

"ಅಂತಿದ್ದೆ." ಅವನು ಉಳಿಯನ್ನು ಕಲ್ಲಿನ ಸಂದಿಗೆ ಇಟ್ಟ. "ಹೋಗ್ಲಿ ಬಿಡು. ರೋಡ್ ಆದ ಮ್ಯಾಲ ಇದ ಕಲ್ಲು ತಗ್ಗಿಸಿ ಕೂಡಿಸಿದ್ರಾತು."

ಆಗ ಹೇಳದೆ ವಿಧಿಯಿರಲಿಲ್ಲ. "ರೀ, ನಮ್ಮ ಮುಂದ ರೋಡ್ ಬರೂದಿಲ್ಲ. ಅಗದ್ರ ಟೈಮ್ ಸಾಲೂದಿಲ್ಲಂತ. ಇಲ್ಲಿಗೆ ಬರೂದ್ರಾಗ ಮಾರ್ಚ್ ಮುಗೀತೈತಿ."

ವಿರೂಪಾಕ್ಷ ಅವಳ ಮುಖವನ್ನೇ ನೋಡಿದ. "ಅಂದ್ರ, ಕಟ್ಟಿದ್ದೂ ಹೋತು, ರೋಡೂ ಇಲ್ಲ?"

"ಹೂಂ."

"ಇದನ್ನ ಸಭಾದಾಗ ಯಾಕ ಹೇಳ್ಲಿಲ್ಲ ನೀ?"

"ಹೇಳಿದ್ರ ನಾವು ಒಡ್ಯಾಕ ಹೆದರೇವಿ ಅನ್ಕೋತಿದ್ರು. ಇಲ್ಲಾ ದೊಡ್ಡಸ್ತನಕ್ಕ ಹೇಳಾಕತ್ತಾಳ ಅಂತಿದ್ರು."

ಅವನು ಸ್ವಲ್ಪ ಹೊತ್ತು ಸುತ್ತಿಗೆಯನ್ನು ಕೈಯಿಂದ ಕೈಗೆ ಬದಲಿಸಿದ. ಆಮೇಲೆ ಒಂದೊಂದೇ ಕಲ್ಲನ್ನು, ಗೀರು ಹೊಡೆದ ಮೈ ಮುಕ್ಕಾಗದಂತೆ, ಮೆಲ್ಲಗೆ ಎಬ್ಬಿಸತೊಡಗಿದ. ಪ್ರತಿಭಾ ಎತ್ತಿ ಗೋಡೆಗೆ ಒರಗಿಸಿದಳು. ಸದ್ದಿಗೆ ಎದುರುಮನೆಯವರು ಹೊರಬಂದು ಹಲ್ಲುಜ್ಜುತ್ತಲೇ ನೋಡಿದರು. ಒಳಗೆ ಹೋದವರು ಹಾರೆ ಹಿಡಿದು ಬಂದರು.

ಜೆಸಿಬಿ ಬರುವ ಹೊತ್ತಿಗೆ ಬೀದಿಯ ಉದ್ದಕ್ಕೂ ಟಕಟಕ ಸದ್ದು. ಚನ್ನಪ್ಪ ಕೂಡ ತನ್ನ ಬಾಡಿಗೆದಾರರನ್ನು ಕರೆದು, "ನೋಡ್ರಪ್ಪಾ, ಬಾಡಿಗೆ ಏರ್ಸಲ್ಲ ಈ ವರ್ಷ, ಒಂದ್ ಕೈ ಹಾಕಿ" ಎಂದು ಒಡೆಸುತ್ತಿದ್ದ. ಒಡೆಯದೆ ಉಳಿದದ್ದು ಒಂದೇ. ಬೀದಿಯ ನಡುವೆ ಕಪ್ಪಗೆ ಹೊಳೆಯುತ್ತಿದ್ದ ಗ್ರಾನೈಟ್. ಕಾಡಪ್ಪನ ಗೇಟು ಮುಚ್ಚಿತ್ತು.

"ಆ ಒಂದು ಮನೆ, ಮೇಡಂ," ಎಂದ ಸಿದ್ದಲಿಂಗ. ಕರೆದರೂ ಯಾರೂ ಬರಲಿಲ್ಲ. ಅವನು ಮೊಬೈಲಿನಲ್ಲಿ ಗಂಟೆ ನೋಡಿದ. "ನಾನು ಮೊದಲೇ ಹೇಳಿದ್ದೆ. ಸಾರಿ. ಮಷೀನ್ ವಾಪಸ್ ಕಳಿಸಿ ಜಲ್ಲಿ ತರಿಸ್ತೀನಿ. ಮೇಲೇ ಹಾಕ್ತೀವಿ."

ವಾಸು ಬೀದಿಯ ತಗ್ಗಿನಿಂದ ಹತ್ತಿಬಂದಿದ್ದ. ಮಾತು ಕೇಳಿ, ತಲೆಯ ಟವೆಲ್ ಬಿಚ್ಚಿ ಮುಖ ಒರೆಸಿಕೊಂಡ.

ಆಗ ಕಾಡಪ್ಪನ ಗೇಟು ಕಿರುಗುಟ್ಟಿತು. ಹೊರಬಂದವಳು ಚಂದ್ರವ್ವ, ಸೊಂಟದ ಮೇಲೆ ಜೋಳದ ದೊಡ್ಡ ಡಬ್ಬಿ. ಜಾಲಹಳ್ಳಿ ಕ್ರಾಸಿನ ಖಾನಾವಳಿಗಳಿಗೆ ರೊಟ್ಟಿ ಬಡಿದು ಕಳಿಸುವವಳು ಅವಳು, ದಿನಾ ಬೆಳಗ್ಗೆ ಮಿಲ್ಲಿಗೆ ಬರಲೇಬೇಕು. ಜೆಸಿಬಿ ನೋಡಿದಳು, ಎಂಜಿನಿಯರನ್ನು ನೋಡಿದಳು, ವಾಸುವಿನ ಮುಖ ನೋಡಿದಳು. ಡಬ್ಬಿಯನ್ನು ಗ್ರಾನೈಟ್ ಮೇಲೆ ದಡ್ಡೆಂದು ಇಟ್ಟು ಮೇಲಕ್ಕೆ ಕೂಗಿದಳು.

"ರೀ! ಇಲ್ಲಿ ಬರ್ರಿ ಹೊರಗ!"

ಬನಿಯನ್ನಿನಲ್ಲಿ ಕಾಡಪ್ಪ ಮೊದಲ ಮಹಡಿಯ ಬಾಲ್ಕನಿಗೆ ಬಂದ. "ಏನದು?"

"ಗಿರಣಿ ಮುಳುಗಿದ ಮ್ಯಾಲ ನಾ ಏನ್ ಬಡೀಲಿ? ನಿಮ್ಮ ಗ್ರಾನೈಟ್ ಬಡೀಲೇನು?"

"ಅಂಗಡ್ಯಾಗ ಪ್ಯಾಕೆಟ್ ಹಿಟ್ಟು ಸಿಗ್ತೈತಲ್ಲ."

"ಪ್ಯಾಕೆಟ್ ಹಿಟ್ಟಿನ ರೊಟ್ಟಿ ಒಮ್ಮಿ ಹಾಕಿದ್ದಕ್ಕ ತಾಟು ಸರಿಸಿ ಎದ್ದು ಹೋದಾವ್ರು ಯಾರ್ರೀ? ನೀವು ಉಣ್ಣಲಾರದ್ದು ಮಂದಿಗೆ ಕಳಿಸ್ಲೇನು? ಊರು ಬಿಟ್ಟು ಬಂದ ಹುಡುಗ್ರು ಹೊಟ್ಟಿಗೆ ರೊಟ್ಟಿ ಅಂತ ಬರ್ತಾವ. ಅವಕ್ಕ ಗ್ರಾನೈಟ್ ತೋರಸ್ಲೇನು?"

ಬೀದಿ ನಕ್ಕಿತು. ಜೆಸಿಬಿಯ ಡ್ರೈವರೂ ನಕ್ಕ. ಕಾಡಪ್ಪ ಒಳಗೆ ಹೋಗಿ ಬಾಲ್ಕನಿಯ ಬಾಗಿಲು ಹಾಕಿಕೊಂಡ. ಮುಗಿಯಿತು ಎಂದುಕೊಂಡಳು ಪ್ರತಿಭಾ. ನಗಬಾರದಿತ್ತು ಎನ್ನಿಸಿತು ಅವಳಿಗೆ. ಮೊನ್ನೆ ಪೇಡೆ ಹಂಚಿದ ಮನುಷ್ಯ.

ಸ್ವಲ್ಪ ಹೊತ್ತಿನಲ್ಲಿ ಅವನು ಕೆಳಗಿನ ಬಾಗಿಲಿನಿಂದ ಬಂದ. ಲುಂಗಿ ಎತ್ತಿ ಕಟ್ಟಿದ್ದ, ಕೈಯಲ್ಲಿ ಹಾರೆ. ಯಾರನ್ನೂ ನೋಡದೆ ನೇರ ಸಿದ್ದಲಿಂಗನಿಗೆ ಹೇಳಿದ.

"ಆ ಮಷೀನ್ ಹತ್ತರ ಬರಬಾರ್ದು. ಅದರ ಹಲ್ಲು ತಾಗಿದ್ರ ಕಲ್ಲು ಚೂರಾಗ್ತೈತಿ. ನಾನ ಬಿಡಿಸ್ತೀನಿ."

"ಎಷ್ಟೊತ್ತಾಗುತ್ತೆ ಸರ್?"

"ನೀವೆಲ್ಲಾ ಹಿಂಗ ನೋಡ್ಕೋತ ನಿಂತ್ರ ಸಂಜೀತನಾ."

ಅಷ್ಟರಲ್ಲಿ ವಾಸು ಕಲ್ಲಿನ ಆಚೆ ತುದಿಗೆ ಹೋಗಿ ಬೆರಳು ತೂರಿಸಿದ್ದ.

"ಹುಷಾರಲೇ, ಮೂಲಿ ಮುರದೀತು. ಬಗ್ಗಿ ಹಿಡಿ."

"ಬಗ್ಗೋದು ನಂಗ್ ಹೇಳ್ಕೊಡ್ಬೇಡಿ ಅಣ್ಣ. ದಿನಾ ಅದೇ ಕೆಲಸ."

ಕಾಡಪ್ಪ ಅವನ ಮುಖ ನೋಡಿದ, ಮತ್ತೆ ಕಲ್ಲು ನೋಡಿದ. "ಎತ್ತು," ಎಂದ.

ಅಗೆತ ತಗ್ಗಿನಿಂದ ಶುರುವಾಯಿತು. ಕತ್ತರಿಸಿದ ಅಂಚಿನಲ್ಲಿ ಡಾಂಬರಿನ ಪದರಗಳು ಒಂದರ ಮೇಲೊಂದು ಕಾಣುತ್ತಿದ್ದವು, ನಡುನಡುವೆ ಕೆಂಪು ಮಣ್ಣಿನ ಗೆರೆ. ಮಿಷನ್ ಮನೆಯ ಮುಂದೆ ಬಕೆಟ್ಟಿನ ಹಲ್ಲಿಗೆ ಏನೋ ಗಟ್ಟಿಯಾಗಿ ತಾಗಿ, ಡ್ರೈವರ್ ಕೈಯಿಂದ ಮಣ್ಣು ಸರಿಸಿದ. ಉಳಿ ಹೊಡೆದು ನಯಮಾಡಿದ ಕಲ್ಲು. ಮುನಿನಾರಾಯಣಮ್ಮ ಹೊಸಿಲ ಮೇಲೆ ಕೂತು ಬಗ್ಗಿ ನೋಡಿದಳು.

"ಅಯ್ಯೋ, ನಮ್ ಜಗಲಿ ಮೆಟ್ಲು ಕಣ್ಲಾ ವಾಸು! ಇದ್ರ ಮೇಲೆ ಕೂರಿಸ್ಕೊಂಡು ನಿಂಗೆ ಅನ್ನ ತಿನ್ನಿಸ್ತಿದ್ದೆ."

ಸಿದ್ದಲಿಂಗ ಅದನ್ನು ಕೀಳಿಸಲಿಲ್ಲ, ಉಳಿಸಲೂ ಆಗಲಿಲ್ಲ. ಕಾಂಕ್ರೀಟಿನ ದಪ್ಪ ಅದರ ಮೇಲೆ ಬರಲೇಬೇಕಿತ್ತು. ಆದರೆ ಮೇಸ್ತ್ರಿಯನ್ನು ಕರೆದು ಮಟ್ಟ ಹಿಡಿಯಲು ಕಟ್ಟಿದ್ದ ದಾರವನ್ನು ಇನ್ನೊಂದಿಷ್ಟು ಕೆಳಗೆ ಕಟ್ಟಿಸಿದ. ನೀರು ಮಿಲ್ಲಿನ ಬಾಗಿಲು ದಾಟಿ ಮುಂದಿನ ಮೋರಿಗೆ ಹೋಗಲಿ ಎಂದ.

ಅವನು ಹೇಳಿದಂತೆಯೇ ಆಯಿತು. ಕಾಂಕ್ರೀಟು ದಿನಾ ಸ್ವಲ್ಪಸ್ವಲ್ಪವೇ ಹತ್ತಿಬಂದು, ತಿಂಗಳ ಕೊನೆಯಲ್ಲಿ ಪ್ರತಿಭಾಳ ಪಕ್ಕದ ಮನೆಯ ಗೇಟಿಗೆ ನಿಂತಿತು. ಅಲ್ಲಿಂದಾಚೆ ಅದೇ ಹಳೆಯ ಗುಂಡಿ ಬಿದ್ದ ಡಾಂಬರು. ಲಾರಿ, ಮಿಕ್ಸರು, ಹಲಗೆಗಳು ಒಂದೇ ಮಧ್ಯಾಹ್ನದಲ್ಲಿ ಹೊರಟುಹೋದವು. ವಿರೂಪಾಕ್ಷ ಮನೆ ಮುಂದೆ ಎರಡು ಸಿಮೆಂಟ್ ಬ್ಲಾಕ್ ಇಟ್ಟ. ಸ್ಕೂಟರನ್ನು ಕಾಡಪ್ಪನ ಪೋರ್ಟಿಕೋದಲ್ಲಿ ನಿಲ್ಲಿಸಿದ, ಕಾಂಕ್ರೀಟು ಗಟ್ಟಿಯಾಗುವವರೆಗೆ ಬಸ್ಸೇ ಗತಿ.

"ಕಲ್ಲು ಕೂಡಿಸೂದಿಲ್ಲೇನ್ರಿ?" ಎಂದು ಕೇಳಿದಳು ಪ್ರತಿಭಾ.

"ಎಷ್ಟ್ ಎತ್ತರಕ್ಕ ಅಂತ ನೀ ಹೇಳು, ಕೂಡಿಸ್ತೀನಿ."

ಅವನು ಬ್ಲಾಕಿನ ಮೇಲೆ ಕಾಲಿಟ್ಟು ಅಲುಗುತ್ತದೆಯೇ ಎಂದು ನೋಡಿ, ಬಸ್ಸು ಹಿಡಿಯಲು ಹೋದ.

ಹೊಸ ಕಾಂಕ್ರೀಟಿಗೆ ನೀರುಣಿಸಬೇಕಿತ್ತು. ರಸ್ತೆಯ ಉದ್ದಕ್ಕೂ ಮಣ್ಣಿನ ಸಣ್ಣ ಬದು ಕಟ್ಟಿ, ಗದ್ದೆಯ ಪಾತಿಗಳ ಹಾಗೆ ನೀರು ನಿಲ್ಲಿಸಿದ್ದರು. ಮಿಲ್ಲಿನ ಮುಂದಿನ ಪಾತಿ ಒಣಗಿತ್ತೆಂದು ಒಂದು ಬೆಳಗ್ಗೆ ವಾಸು ತಾನೇ ಪೈಪು ಹಿಡಿದು ನಿಂತ. ಜೋಳದ ಡಬ್ಬಿ ಹಿಡಿದ ಪ್ರತಿಭಾ ಮತ್ತು ಚಂದ್ರವ್ವ ಬದುವಿನ ಮೇಲೆ ಹೆಜ್ಜೆ ಇಟ್ಟು ಬಂದು ಕಾದರು. ನೀರು ಏರುತ್ತಾ ಬಂದು ಹೊಸಿಲಿನ ಕಲ್ಲಿಗೆ ತಾಗಿತು. ವಾಸು ಪೈಪು ಪಕ್ಕಕ್ಕೆ ತಿರುಗಿಸಲಿಲ್ಲ, ನೋಡುತ್ತಲೇ ಇದ್ದ. ಇನ್ನೂ ಬಿಟ್ಟ. ನೀರು ಕಲ್ಲಿನ ಅರ್ಧಕ್ಕೆ ಬಂದು, ಅಲ್ಲಿಂದ ಮೇಲೆ ಏರದೆ, ತಗ್ಗಿನ ಕಡೆಯ ಬದು ಉಕ್ಕಿ ಮೋರಿಯತ್ತ ಹರಿಯಿತು.

ಒಳಗಿನಿಂದ ಮುನಿನಾರಾಯಣಮ್ಮ ಹೊಸಿಲ ಮೇಲೆ ಅಂಗೈ ಇಟ್ಟು ಸವರಿದಳು.

"ಒಣಗೇ ಐತೆ ಕಣ್ಲಾ."

ವಾಸು ಕೊಳಾಯಿ ನಿಲ್ಲಿಸಿ, ಹೊಸಿಲು ದಾಟಿ, ತಲೆ ತಗ್ಗಿಸಿಕೊಂಡು ಮಿಷನ್ನಿನ ಹಿಂದೆ ಹೋದ. ಮೋಟರಿನ ಸ್ವಿಚ್ಚು ಹಾಕಿದ ಸದ್ದು, ಬೆಲ್ಟು ತಿರುಗಿದ ಸದ್ದು.

"ಯಾರ್ದು ಮೊದಲು ಅಕ್ಕಾ?" ಎಂದು ಒಳಗಿನಿಂದಲೇ ಕೂಗಿದ.